ಸಣ್ಣೀರಮ್ಮ ಮನೆಜಾಗ ಕೊಂಡಿದ್ದು

ನನ್ನಜ್ಜಿಯ ಅಜ್ಜಿಗೂ ಹಲ್ಲು ಬಂದಿರಲಿಲ್ಲವಂತೆ, ಅಂಥ ಒಂದಾನೊಂದು ಕಾಲದಲ್ಲಿ ಸಣ್ಣೀರಮ್ಮ ಅಂತ ಒಬ್ಬ ಮೇದರವಳು ಇದ್ದಳಂತೆ. ಬಿದಿರು ಸೀಳೋದು, ಮೊರ ಹೆಣೆಯೋದು, ತಲೆ ಮೇಲೆ ಹೊತ್ತು ಊರೂರು ಮಾರೋದು. ಗಂಡ ಇಲ್ಲ, ಮೂರು ಹೆಣ್ಣುಮಕ್ಕಳು. ಇವತ್ತು ಈ ಮರದಡಿ, ನಾಳೆ ಯಾವುದೋ ಛತ್ರದ ಜಗಲಿ. ಕಾಲು ಸವೆದುಹೋಗಿತ್ತಂತೆ ಮಗಾ, ಒಂದು ಕಡೆ ನೆಲೆ ನಿಂತರೆ ಸಾಕಪ್ಪಾ ಅನ್ನಿಸಿತ್ತಂತೆ.

ಆಗ ಆ ಸೀಮೆಯ ಪಾಳೇಗಾರ ಹೊಸ ಪೇಟೆ ಕಟ್ಟಿಸ್ತಾ ಇದ್ದನಂತೆ. ಮನೆಜಾಗ ಮಾರೋ ಕೆಲಸ ಪಟೇಲ ನಂಜಪ್ಪಯ್ಯನದು. ಒಂದು ಜಾಗಕ್ಕೆ ಹತ್ತು ಹೊನ್ನು ಅಂತ ಸಂತೇಲಿ ಕೇಳಿ, ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಹತ್ತು ಹೊನ್ನು ಸೆರಗಲ್ಲಿ ಗಂಟು ಹಾಕ್ಕೊಂಡು ಹೋದಳಂತೆ. ಪಟೇಲ ಅವಳನ್ನ ಮೇಲಿಂದ ಕೆಳಗೆ ನೋಡಿ, ಮೇದರವಳಾ, ನಿನಗೆ ಹದಿನೈದು ಅಂದನಂತೆ. ಸರಿ ಅಂತ ವಾಪಸ್ ಬಂದು, ಒಂದು ವರ್ಷ ಬೆರಳು ಕುಯ್ಕೊಂಡು ಬುಟ್ಟಿ ಹೆಣೆದು, ಆಮೇಲೆ ಹದಿನೈದು ತಗೊಂಡು ಹೋದರೆ, ಗಂಡಸಿಲ್ಲದ ಮನೆ, ನಾಳೆ ಯಾರನ್ನ ಕೇಳೋಣ, ಇಪ್ಪತ್ತು ಮಾಡು ಅಂದನಂತೆ. ಆಮೇಲೆ ಇನ್ನೊಂದು ವರ್ಷ. ಮೂರನೇ ಸಲ ಇಪ್ಪತ್ತು ತಂದು ಮುಂದಿಟ್ಟಳಂತೆ. ಪಟೇಲ ತಲೇನೂ ಎತ್ತದೆ, ಮೂವತ್ತು ಅಂದ. ಯಾಕೆ ಸ್ವಾಮೀ ಅಂದರೆ, ನಿನಗೆ ಅಷ್ಟೇ ಅಂದನಂತೆ.

ಅವಳು ಅಳಲಿಲ್ಲವಂತೆ, ಬೈಯಲಿಲ್ಲವಂತೆ. ಹೊರಗೆ ಬಂದು ತಾನು ಕೊಳ್ಳಬೇಕು ಅಂದಿದ್ದ ಖಾಲಿ ಜಾಗದಲ್ಲೇ ಕೂತಳು.

ಆಮೇಲೆ ಸುತ್ತ ಎದ್ದಿದ್ದ ಹೊಸ ಮನೆಗಳನ್ನ ನೋಡಿ, ಇವರೆಲ್ಲ ಎಷ್ಟು ಕೊಟ್ಟಿರಬಹುದು ಅನ್ನಿಸಿ, ಮೆಲ್ಲಗೆ ಎದ್ದು ಬಟ್ಟೆ ವ್ಯಾಪಾರಿ ಮನೆಗೆ ಹೋಗಿ ಕೇಳಿದಳಂತೆ. ಹತ್ತು ಕೊಟ್ಟೆ ಕಣಮ್ಮಾ, ಆದರೆ ಪಾಳೇಗಾರರ ಮುಂದೆ ಹೇಳು ಅನ್ನಬೇಡ, ಪಟೇಲರ ಹತ್ರ ನಾಳೆ ನನಗೂ ಕೆಲಸ ಬೀಳುತ್ತೆ ಅಂದನಂತೆ. ಅಕ್ಕಸಾಲಿ ಬಾಗಿಲು ಹಾಕ್ಕೊಂಡ. ಮೂರನೇದು ಗಾಣಿಗರ ರಂಗಜ್ಜಿ ಮನೆ. ಹತ್ತೇ ಕಣೇ ನಾನು ಕೊಟ್ಟಿದ್ದು, ನಡಿ ಪಾಳೇಗಾರರ ಮುಂದೇನೇ ಹೇಳ್ತೀನಿ, ಈ ವಯಸ್ಸಲ್ಲಿ ಪಟೇಲ ನನ್ನ ಏನು ಕಿತ್ಕೋತಾನೆ ಅಂತ ಕೋಲು ಊರ್ಕೊಂಡು ಹೊರಟೇಬಿಟ್ಟಳಂತೆ.

ಪಾಳೇಗಾರ ಇಬ್ಬರ ಮಾತೂ ಕೇಳಿ ಪಟೇಲನ್ನ ಕರೆಸಿದನಂತೆ. ಒಂದೇ ಅಳತೆಯ ಜಾಗಕ್ಕೆ ಇವಳಿಗೆ ಹತ್ತು, ಅವಳಿಗೆ ಮೂವತ್ತು, ಯಾಕಯ್ಯಾ ಅಂದ. ಮೇದರವರು ಬಂದರೆ ಅಕ್ಕಪಕ್ಕದ ಜಾಗದ ಬೆಲೆ ಬೀಳುತ್ತೆ ಬುದ್ಧೀ, ಪೇಟೆಯ ಒಳ್ಳೇದಕ್ಕೇ ಮಾಡಿದ್ದು ಅಂತ ಪಟೇಲ ಕೈಮುಗಿದನಂತೆ. ನೀನೇನಂತೀಯವ್ವಾ ಅಂತ ಪಾಳೇಗಾರ ಸಣ್ಣೀರಮ್ಮನ್ನ ಕೇಳಿದ.

ಜಾಗ ಮೂವತ್ತು ಬಾಳೋದಾದರೆ ಎಲ್ಲರ ಹತ್ರಾನೂ ಮೂವತ್ತು ತಗೊಳ್ಳಿ ಸ್ವಾಮೀ, ಇನ್ನೂ ದುಡಿದು ನಾನೂ ಕೊಡ್ತೀನಿ. ನಾನು ಹುಟ್ಟಿದ್ದಕ್ಕೆ, ನನ್ನ ಗಂಡ ಸತ್ತಿದ್ದಕ್ಕೆ ಕಂದಾಯ ಹಾಕಬೇಡಿ ಅಂದಳಂತೆ.

ಪಾಳೇಗಾರ ಅಲ್ಲೇ ಕಟ್ಟಳೆ ಮಾಡಿದ. ಒಂದೊಂದು ಜಾಗದ ಮೂಲೆಗೂ ಕಲ್ಲು ನೆಟ್ಟು, ಕೊಳ್ಳೋರ ಮುಖ ನೋಡೋ ಮುಂಚೇನೇ ಬೆಲೆ ಕೆತ್ತಿಸಬೇಕು, ಯಾರೇ ಬರಲಿ ಅದೇ ಬೆಲೆ, ಹೆಚ್ಚು ಕೇಳಿದವನ ಪಟೇಲಿಕೆ ಹೋಯ್ತು ಅಂತ ಡಂಗುರ ಹೊಡೆಸಿದನಂತೆ. ಕಲ್ಲು ನೆಟ್ಟ ದಿನ ಅಗಸರ ಹನುಮ ಬಂದ, ಸಮಗಾರರ ತಿರುಮಲ ಬಂದ, ಹೊಳೆಯಾಚೆಯಿಂದ ಬಂದು ನೆಲೆಸಿದ್ದ ಕುಂಟ ದರ್ಜಿ ಬಂದ. ಕಲ್ಲಿನ ಮೇಲೆ ಹತ್ತು ಅಂತ ಕೆತ್ತಿದ್ದನ್ನ ಓದಿಸಿಕೊಂಡು ಒಬ್ಬರ ಮುಖ ಒಬ್ಬರು ನೋಡ್ಕೊಂಡರಂತೆ. ಪಾಪ, ಇವರೆಲ್ಲ ಮೊದಲೇ ಜಾಗ ಕೊಂಡಿದ್ದವರು, ಹೆಚ್ಚು ಕೊಟ್ಟಿದ್ದು ತಾನೊಬ್ಬನೇ ಅಂತ ಎಲ್ಲರೂ ನಾಚ್ಕೊಂಡು ಬಾಯಿ ಮುಚ್ಚಿದ್ದರು. ಪಟೇಲ ಹೆಚ್ಚಿಗೆ ತಗೊಂಡಿದ್ದನ್ನೆಲ್ಲ ತನ್ನ ಮನೆಯಿಂದ ತಂದು ಎಲ್ಲರಿಗೂ ವಾಪಸ್ ಕೊಟ್ಟನಂತೆ.

ಸಣ್ಣೀರಮ್ಮ ಹತ್ತಕ್ಕೇ ಜಾಗ ಕೊಂಡು, ಉಳಿದದ್ದರಲ್ಲಿ ಗೋಡೆ ಎಬ್ಬಿಸಿ ಹುಲ್ಲು ಹೊದಿಸಿದಳು. ಒಕ್ಕಲಾದ ಮಾರನೇ ದಿನ ಹೊತ್ತೇರಿ ನೆತ್ತಿಗೆ ಬಂದರೂ ಎದ್ದಿರಲಿಲ್ಲವಂತೆ. ರಂಗಜ್ಜಿ ಬಂದು ಇಣುಕಿ, ಮಲಗಲಿ ಬಿಡ್ರೇ ಅಂತ ಹುಡುಗೀರಿಗೆ ಹೇಳಿ, ಸದ್ದಿಲ್ಲದೆ ಬಾಗಿಲು ಮುಂದೆ ಮಾಡಿ ಹೋದಳಂತೆ.

ಅವಳು ಮಲಗಿದಳು, ಕತೆ ಮುಗೀತು. ನೀನೂ ಕಣ್ಣು ಮುಚ್ಚು ಕಂದಾ.