ಆಳಪ್ಪನ ದಿಣ್ಣೆ

ಬಿಳಿಗಟ್ಟದಿಂದ ಪಡುವಲಿಗೆ ಹೊಲಗಳ ನಡುವಿನ ಬಂಡಿದಾರಿ ಹಿಡಿದು ನಡೆದರೆ ಒಂದು ಸಣ್ಣ ಏರು ಸಿಗುತ್ತದೆ. ಅದೇ ಆಳಪ್ಪನ ದಿಣ್ಣೆ. ಸುತ್ತಲೂ ಜೋಳ ಬೆಳೆಯುವ ಕಪ್ಪು ನೆಲ; ದಿಣ್ಣೆಯ ಮೇಲೆ ಮಾತ್ರ ಯಾರೂ ನೇಗಿಲು ಹೂಡುವುದಿಲ್ಲ. ಅಲ್ಲಿ ಒಂದು ವೀರಗಲ್ಲಿದೆ. ಕೆಳಗೆ ಕತ್ತಿ ಹಿರಿದು ನಿಂತ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ. ಆಳು ಎಂದರೆ ದಂಡಿನ ಆಳು, ಅದರಿಂದಲೇ ಈ ಹೆಸರು ಎಂದು ಹೊರಗಿನಿಂದ ಬಂದವರು ತಿಳಿಯುತ್ತಾರೆ. ಊರಿನ ಹಿರಿಯರು ಹೇಳುವುದು ಬೇರೆ.

ಹಿಂದೆ ಒಮ್ಮೆ ಈ ಊರಿನಲ್ಲಿ ಬೀಚನೆಂಬ ಒಕ್ಕಲಮಗನಿದ್ದನಂತೆ. ಚಿಕ್ಕಂದಿನಿಂದ ಪರರ ಹೊಲ ಉತ್ತು ಬೆಳೆದವನು. ಹೆಂಡತಿ ಮಾಳವ್ವೆ, ತೊದಲು ನುಡಿಯುವ ಮಗಳು ಚಾಗವ್ವೆ, ತೊಟ್ಟಿಲಲ್ಲಿ ಮಗ ಕೇತ. ನಾಡಿನ ಒಡೆಯ ಮನೆಗೊಬ್ಬನಂತೆ ದಂಡಿಗೆ ಕರೆದಾಗ ಬೀಚನೂ ಹೋದ. ಹೊಳೆಯಾಚೆಯ ಕಾಳಗದಿಂದ ಉಳಿದು ಬಂದವರು, ಅವನು ಬಿದ್ದದ್ದನ್ನು ಕಣ್ಣಾರೆ ಕಂಡೆವೆಂದರು. ಒಡೆಯ ಕಲ್ಲು ನೆಡಿಸಿದ. ಚೆಲ್ಲಿದ ನೆತ್ತರಿಗೆ ಪ್ರತಿಯಾಗಿ ಸತ್ತವನ ಮನೆಗೆ ನೆಲ ಕೊಡುವುದು ಅಂದಿನ ರೂಢಿ, ನೆತ್ತರುಗೊಡಗೆ ಎನ್ನುತ್ತಿದ್ದರು. ಹಾಗೆ ದಿಣ್ಣೆಯ ಸುತ್ತಲಿನ ಹೊಲ ಮಾಳವ್ವೆಗೆ ಬಂತು. ಅವಳು ಬಳೆ ಒಡೆದುಕೊಂಡು ಆ ಹೊಲದಲ್ಲಿ ಮಕ್ಕಳನ್ನು ಸಾಕಿದಳು.

ಕೇತ ಕರುಗಳ ಹಿಂದೆ ಓಡಾಡುವಷ್ಟು ದೊಡ್ಡವನಾದಾಗ ಬೀಚ ಊರಿಗೆ ಬಂದ. ಗಾಯಗೊಂಡು ಸೆರೆಸಿಕ್ಕು, ಹಗೆಯ ಕೋಟೆಗೆ ಕಲ್ಲು ಹೊತ್ತು, ಹೇಗೋ ಬಿಡಿಸಿಕೊಂಡು ಬಂದಿದ್ದ. ಮುಖದ ಒಂದು ಪಕ್ಕ ಕತ್ತಿಯ ಏಟಿಗೆ ಸೊಟ್ಟಗಾಗಿತ್ತು. ಮೊದಲು ಎದುರಾದವನು ಊರಗೌಡ. ಕೆಟ್ಟವನಲ್ಲ, ನೆರಳಿಗೆ ಕರೆದು ಕೂರಿಸಿ, ನೀರು ಕೊಟ್ಟು, ನಡೆದದ್ದನ್ನೆಲ್ಲ ತಿಳಿಸಿದ.

"ಕಲ್ಲು ನೆಟ್ಟಾಗಿದೆ ಬೀಚ," ಎಂದ. "ನೀನು ಬದುಕಿದ್ದೀಯ ಅಂತ ಒಡೆಯನ ಕಿವಿಗೆ ಬಿದ್ದರೆ ಹೊಲ ಹೋಗುತ್ತೆ. ನಿನ್ನ ಮಕ್ಕಳಿಗೆ ಅಂಬಲಿಗೂ ಗತಿಯಿಲ್ಲ. ನಾನೇನು ಮಾಡಲಿ, ನೀನೇ ಹೇಳು."

ಬೀಚ ನೀರಿನ ಚೆಂಬು ಕೆಳಗಿಟ್ಟು ಎದ್ದ. ಗೌಡ ಅವನನ್ನು ಮಾಳವ್ವೆಯ ಮನೆಗೆ ಕರೆದೊಯ್ದು, ಹೊಲಕ್ಕೊಬ್ಬ ಆಳು ಸಿಕ್ಕಿದ್ದಾನೆ, ಇಟ್ಟುಕೋ ತಾಯಿ ಎಂದ. ಅವಳು ಆ ಸೊಟ್ಟ ಮುಖದಲ್ಲಿ ಗಂಡನನ್ನು ಕಂಡು, ಕೊಟ್ಟಿಗೆಯ ಬಾಗಿಲು ತೆರೆದುಕೊಟ್ಟಳಂತೆ. ಊರಲ್ಲಿ ಗುರುತು ಹಿಡಿದವರು ಹಿಡಿಯದವರಂತೆ ಇದ್ದುಬಿಟ್ಟರು.

ಅಂದಿನಿಂದ ಬೀಚ ತನ್ನ ಮನೆಯ ಕೊಟ್ಟಿಗೆಯಲ್ಲಿ ಮಲಗಿದ. ಮಕ್ಕಳು ಆಳಪ್ಪ ಎಂದು ಕರೆದರು. ಆ ಹೆಸರಿನ ಕೊನೆಯಲ್ಲಿ ಅಪ್ಪ ಎಂದಿತ್ತಲ್ಲ, ಅಷ್ಟಕ್ಕೇ ಅವನು ತೃಪ್ತನಾಗಬೇಕಾಯಿತು. ಕೇತನಿಗೆ ಉಳುಮೆ ಕಲಿಸಿದ, ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ತಿರುಗಿದ. ಮಹಾನವಮಿಗೆ ವೀರಗಲ್ಲನ್ನು ತೊಳೆಯುವ ಕೆಲಸವೂ ಆಳಿನದೇ. ಅವನು ತೊಳೆದು ಪಕ್ಕಕ್ಕೆ ಸರಿದರೆ ಮಗ ಬಂದು ಕಲ್ಲಿಗೆ ಅಡ್ಡಬೀಳುತ್ತಿದ್ದ. ಒಮ್ಮೆ ಹೊಲಕ್ಕೆ ರೊಟ್ಟಿ ತಂದ ಮಾಳವ್ವೆ, ಮಕ್ಕಳಿಗಾದರೂ ಹೇಳಿಬಿಡೋಣ ಎಂದಳು. "ಹೇಳಿದರೆ ಅಪ್ಪ ಅಂತಾವೆ," ಎಂದ ಬೀಚ. "ಮಕ್ಕಳ ಬಾಯಿ, ಎಲ್ಲರ ಮುಂದೂ ಅಂತಾವೆ." ಚಾಗವ್ವೆಯ ಮದುವೆಯಲ್ಲಿ ಧಾರೆ ಎರೆದವನು ಗೌಡ. ಬೀಚ ಹೊರಗೆ ಬೀಗರ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ.

ಅವನಿಗೆ ದೀರ್ಘ ಆಯುಸ್ಸಿತ್ತು. ಗೌಡ ಸತ್ತ, ಮಾಳವ್ವೆ ಸತ್ತಳು, ಊರಲ್ಲಿ ಗುರುತು ಬಲ್ಲವರೆಲ್ಲ ಒಬ್ಬೊಬ್ಬರಾಗಿ ಹೋದರು. ಕೊನೆಗೆ ಒಡೆಯನ ವಂಶವೂ ಅಳಿದು, ಹೊಲ ಕಸಿಯುವವರೇ ಇಲ್ಲವಾದರು. ಆಗ ಬೀಚ, ತಲೆ ನರೆತಿದ್ದ ಮಗನನ್ನು ಕಣದಲ್ಲಿ ಹತ್ತಿರ ಕೂರಿಸಿಕೊಂಡು, "ಆ ಕಲ್ಲಿನಲ್ಲಿ ಇರೋನು ನಾನೇ ಕಣೋ ಕೇತ," ಎಂದ.

ಕೇತ ನಗಲಿಲ್ಲ. ಮುದುಕನ ಬೆನ್ನು ಸವರಿ, "ಆಯ್ತು ಆಳಪ್ಪ, ಬಿಸಿಲು ಏರಿತು, ಒಳಗೆ ಬಾ," ಎಂದ. ಬೀಚ ಮತ್ತೆ ಮತ್ತೆ ಹೇಳಿದ. ಮೊಮ್ಮಕ್ಕಳು ಮರಿಮಕ್ಕಳೆಲ್ಲ ಹೂಂಗುಟ್ಟಿದರು. ಮನೆಯವರು ಅವನನ್ನು ಬಲು ಅಕ್ಕರೆಯಿಂದ ನೋಡಿಕೊಂಡರು, ಆದರೆ ಒಬ್ಬರೂ ನಂಬಲಿಲ್ಲ.

ಅವನನ್ನು ದಿಣ್ಣೆಯಲ್ಲಿ ಮಣ್ಣು ಮಾಡಿದ ಮೇಲೆ ಗಂಡನ ಊರಿನಿಂದ ಚಾಗವ್ವೆ ಬಂದಳು. ಕಡೆಗಾಲಕ್ಕೆ ಆಳಪ್ಪನಿಗೆ ಬುದ್ಧಿ ಸ್ಥಿಮಿತ ತಪ್ಪಿತ್ತು ಅಕ್ಕ, ತಾನೇ ನಮ್ಮಪ್ಪ ಅಂತಿದ್ದ ಎಂದು ಕೇತ ಹೇಳಿದ.

"ತಪ್ಪಿರಲಿಲ್ಲ ತಮ್ಮ," ಎಂದಳು ಅವಳು. "ಅವ್ವ ಸಾಯುವಾಗ ನನಗೆ ಹೇಳಿ ಆಣೆ ಹಾಕಿಸಿಕೊಂಡಳು. ಅಪ್ಪ ಇರುವ ತನಕ ನಾನು ಬಾಯಿ ಬಿಡುವ ಹಾಗಿರಲಿಲ್ಲ."

ಕೇತ ಕಲ್ಲುಕುಟಿಗನ ಬಳಿಗೆ ಹೋದ. ಒಬ್ಬನಿಗೆ ಎರಡು ಕಲ್ಲು ಕಡೆಯುವ ಪದ್ಧತಿಯಿಲ್ಲ, ಹಾಸಿಗೆಯಲ್ಲಿ ಸತ್ತವನಿಗಂತೂ ಕಲ್ಲೇ ಇಲ್ಲ ಎಂದು ಅವನು ಕೈ ಆಡಿಸಿದ. ಆಮೇಲೆ ಕೇತ ಹಳ್ಳದಿಂದ ಒಂದು ಬೋಳುಗಲ್ಲನ್ನು ತನ್ನ ಎತ್ತುಗಳಿಂದಲೇ ಎಳೆಸಿ ತಂದು ಮಣ್ಣಿನ ಮೇಲೆ ಇಟ್ಟ. ಅದರ ಮುಂದೆ ಕುಳಿತು ಕರೆಯಲು ನೋಡಿದ. ಅಷ್ಟು ಕಾಲ ಆಳಪ್ಪ ಎಂದು ಪಳಗಿದ ನಾಲಿಗೆಗೆ ಬರಿಯ ಅಪ್ಪ ಎನ್ನಲು ಬರಲಿಲ್ಲವಂತೆ. ದಿಣ್ಣೆಗೂ ಅದೇ ಹೆಸರು ಉಳಿಯಿತು.

ಬೋಳುಗಲ್ಲು ಈಗಲೂ ಅಲ್ಲೇ ಇದೆ. ಅರ್ಧ ನೆಲದಲ್ಲಿ ಹುದುಗಿದೆ. ವೀರಗಲ್ಲಿನ ಚಿತ್ರ ತೆಗೆಯಲು ಬರುವವರು ಅದರ ಮೇಲೆ ಚೀಲ ಇಡುತ್ತಾರೆ, ದಣಿವಾದರೆ ಕೂರುತ್ತಾರೆ. ಪಕ್ಕದ ಹೊಲದಲ್ಲಿ ಕಳೆ ಕೀಳುವವರು ತಲೆಯೆತ್ತಿ ಒಮ್ಮೆ ನೋಡಿ, ಮತ್ತೆ ಬಗ್ಗುತ್ತಾರೆ.