ಮೀನಿಗೆ ಉಪಚಾರ ಮಾಡಿದ ಸರ್ವಮಂಗಳಮ್ಮ

ತಿಪಟೂರಿನಲ್ಲಿ ಸರ್ವಮಂಗಳಮ್ಮ ಎಂಬುವರಿದ್ದರು. ಅವರ ಮನೆಗೆ ಹೋದವರು ಹಸಿದು ಹೊರಗೆ ಬಂದದ್ದೇ ಇಲ್ಲ. ಕರೆಂಟ್ ಬಿಲ್ ಕೊಡಲು ಬಂದವನು ಕೂಡ ಒಂದು ತಟ್ಟೆ ಉಪ್ಪಿಟ್ಟು ತಿಂದೇ ಮುಂದಿನ ಮನೆಗೆ ಹೋಗಬೇಕು. ಯಾರಾದರೂ "ಸಾಕು" ಎಂದರೆ ಪಾಪ ನಾಚಿಕೆ ಸ್ವಭಾವದವರು ಎಂದುಕೊಂಡು ಇನ್ನೆರಡು ಹಾಕುತ್ತಿದ್ದರು. ಮಡಿಸಿದ ಎಲೆಯನ್ನು ಬಿಡಿಸಿ ಬಡಿಸಿದ್ದೂ ಉಂಟು. ನಾನೂ ಆ ಮನೆಯಲ್ಲಿ ಉಂಡವನೇ, ಆವತ್ತು ಗೇಟಿನವರೆಗೆ ಗೋಡೆ ಹಿಡಿದುಕೊಂಡು ನಡೆದೆ. ಉಪಚಾರ ಅಂದರೆ ಸರ್ವಮಂಗಳಮ್ಮ ಎಂದು ಊರೆಲ್ಲ ಹೇಳುತ್ತಿತ್ತು. ಆ ಹೆಸರೇ ಅವರ ಒಡವೆ.

ಅವರ ಯಜಮಾನರು ಷಡಕ್ಷರಪ್ಪ. ಸೊಸೈಟಿಯಿಂದ ನಿವೃತ್ತರಾದವರು. ಅವರಿಗೆ ತೊಳೆಯುವ ಹುಚ್ಚು. ಬೆಳಗಾದರೆ ಕೈಯಲ್ಲಿ ಬಕೆಟ್ಟು, ಪೊರಕೆ. ತೊಳೆದ ಸ್ಕೂಟರನ್ನೇ ಮತ್ತೆ ತೊಳೆಯುತ್ತಿದ್ದರು. ನೆಂಟರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಚಪ್ಪಲಿಗಳು ಒದ್ದೆಯಾಗಿ ಸಾಲಾಗಿ ನಿಂತಿರುತ್ತಿದ್ದವು. ಹೊಟ್ಟೆಯನ್ನು ಹೆಂಡತಿ ನೋಡಿಕೊಂಡರೆ ಉಳಿದದ್ದನ್ನೆಲ್ಲ ಇವರು ನೋಡಿಕೊಳ್ಳುತ್ತಿದ್ದರು.

ಈ ಮನೆಗೆ ಒಂದು ದಿನ ಮೀನುಗಳು ಬಂದವು.

ಮಗ ಬ್ಯಾಂಕಿನಲ್ಲಿದ್ದ. ಅವನಿಗೆ ಹಾವೇರಿಗೆ ವರ್ಗವಾಯಿತು. ಅಲ್ಲಿ ಸರಿಯಾದ ಮನೆ ಸಿಗುವವರೆಗೆ ಗಾಜಿನ ತೊಟ್ಟಿಯನ್ನು ಹೊತ್ತುಕೊಂಡು ಅಲೆಯುವುದು ಹೇಗೆ? ಹಾಗಾಗಿ ಮೊಮ್ಮಗಳು ಇಂಚರ ತನ್ನ ತೊಟ್ಟಿಯನ್ನು ಅಜ್ಜಿಯ ಮನೆಯಲ್ಲಿ ಬಿಟ್ಟಳು. ಅದರಲ್ಲಿ ಮೂರು ಕಿತ್ತಳೆ ಬಣ್ಣದ ಗೋಲ್ಡ್ ಫಿಶ್. ಹೆಸರು ಜಿಲೇಬಿ, ಜಹಂಗೀರು, ಬೂಂದಿ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಒಂದು ಬಸವನಹುಳು. ಅದರ ಹೆಸರು ಬಸಣ್ಣ. ಹುಡುಗಿಗೆ ಅವು ಅಂದರೆ ಪ್ರಾಣ. ಹೊರಡುವ ಮುಂಚೆ ಅಜ್ಜ ಅಜ್ಜಿ ಇಬ್ಬರನ್ನೂ ತೊಟ್ಟಿಯ ಮುಂದೆ ಕೂರಿಸಿಕೊಂಡು ಪಾಠ ಮಾಡಿದಳು.

"ಅಜ್ಜಿ, ಬೆಳಗ್ಗೆ ಈ ಡಬ್ಬೀಲಿರೋ ಮೀನಿನ ಕಾಳು ಒಂದು ಚಿಟಿಕೆ. ಅಷ್ಟೇ. ಆಮೇಲೆ ಕೇಳಿದ್ರೂ ಹಾಕಬೇಡ, ಅವು ಯಾವಾಗ್ಲೂ ಕೇಳ್ತಾನೇ ಇರ್ತಾವೆ. ತಾತ, ನೀರು ಪೂರ್ತಿ ಚೆಲ್ಲಬೇಡ. ವಾರಕ್ಕೊಂದ್ಸಲ ಕಾಲು ಭಾಗ ತೆಗೆದು, ಹಿಂದಿನ ದಿನ ಹಿಡಿದಿಟ್ಟ ನೀರು ಹಾಕು. ಫಿಲ್ಟರಿನ ಈ ಸ್ಪಂಜನ್ನ ನಲ್ಲಿ ಕೆಳಗೆ ತೊಳೀಬೇಡ. ತೆಗೆದ ನೀರಲ್ಲೇ ಮೆಲ್ಲಗೆ ಅದ್ದಿ ಹಿಂಡು ಸಾಕು. ನೀರು ಶುದ್ಧ ಮಾಡೋ ಜೀವಗಳು ಅದ್ರಲ್ಲಿ ಇರ್ತಾವೆ."

ಇಬ್ಬರೂ ತಲೆಯಾಡಿಸಿದರು. ಮಕ್ಕಳೇ, ದೊಡ್ಡವರು ತಲೆಯಾಡಿಸಿದ ಮಾತ್ರಕ್ಕೆ ಕೇಳಿಸಿಕೊಂಡರು ಎಂದು ತಿಳಿಯಬೇಡಿ.

ಹುಡುಗಿಯ ಬಸ್ಸು ಹೊರಟಿತು. ಸರ್ವಮಂಗಳಮ್ಮ ಮನೆಗೆ ಬಂದು ತೊಟ್ಟಿಯ ಮುಂದೆ ನಿಂತರು. ಮೂರು ಮೀನುಗಳೂ ಓಡಿ ಬಂದು ಗಾಜಿಗೆ ಮೂತಿಯಿಟ್ಟು ಬಾಯಿ ತೆರೆದವು, ಮುಚ್ಚಿದವು, ಮತ್ತೆ ತೆರೆದವು.

"ರೀ, ನೋಡಿ. ಬಾಯಿ ಬಿಟ್ಟು ಕೇಳ್ತಾವೆ."

"ಮಗು ಒಂದು ಚಿಟಿಕೆ ಅಂದಿತ್ತಲ್ಲ."

"ಒಂದು ಚಿಟಿಕೆಗೆ ಯಾರ ಹೊಟ್ಟೆ ತುಂಬುತ್ತೆ? ನಮ್ಮನೇಲಿ ಇದ್ದುಕೊಂಡು ಇವು ಹಸಿದಿರಬೇಕಾ? ನಾಳೆ ಯಾರಾದ್ರೂ ಕೇಳಿದ್ರೆ ನಾನು ಮುಖ ಎಲ್ಲಿ ಇಟ್ಕೊಳ್ಳಲಿ?"

ಮೊದಲ ತೊಡಕು ಕಾಳಿನದ್ದು. ಡಬ್ಬಿ ತೆಗೆದು ಮೂಸಿ ನೋಡಿದರು. ಒಣಮೀನಿನ ವಾಸನೆ. ಆ ಮನೆಯ ಅಡುಗೆಮನೆಯಲ್ಲಿ ಮೀನು ಎಂಬ ಮಾತನ್ನೇ ಯಾರೂ ಆಡಿದವರಲ್ಲ. "ನಮ್ಮನೆಗೆ ಬಂದ ಮೇಲೆ ನಮ್ಮಂಗೇ ಇರಬೇಕು" ಎಂದು ಡಬ್ಬಿಯನ್ನು ಹಿತ್ತಲಿನ ಗೂಡಿನಲ್ಲಿಟ್ಟು, ನೆನೆಸಿದ ಅವಲಕ್ಕಿ ಹಾಕಿದರು. ಮೀನುಗಳು ಗಬಗಬನೆ ತಿಂದವು. ಸರ್ವಮಂಗಳಮ್ಮನಿಗೆ ಕಣ್ಣು ತುಂಬಿ ಬಂತು. ಮಧ್ಯಾಹ್ನ ಚಪಾತಿ ಚೂರು, ಸಂಜೆ ಮಂಡಕ್ಕಿ. ಸೋಮವಾರ ಪಾಯಸವಿತ್ತು, ಅದರ ಶ್ಯಾವಿಗೆಯನ್ನು ಮಾತ್ರ ತೊಳೆದು ಹಾಕಿದರು. ಸಕ್ಕರೆ ಮೀನಿಗೆ ಒಳ್ಳೆಯದಲ್ಲ ಎಂಬ ಎಚ್ಚರ ಅವರಿಗಿತ್ತು. ಬಸಣ್ಣನ ಪಾಲನ್ನೂ ಮರೆಯದೆ ಮೂಲೆಯಲ್ಲಿ ಹಾಕುತ್ತಿದ್ದರು.

ಕೆಲವೇ ದಿನಗಳಲ್ಲಿ ತೊಟ್ಟಿಯ ನೀರು ಗಂಜಿಯಾಯಿತು. ಷಡಕ್ಷರಪ್ಪನವರಿಗೆ ಒಳಗೊಳಗೇ ಖುಷಿ. ತೊಳೆಯಲು ಹೊಸದೊಂದು ಸಿಕ್ಕಿತಲ್ಲ! ಮೀನುಗಳನ್ನು ಚೊಂಬಿಗೆ ಹಾಕಿ, ನೀರೆಲ್ಲ ಚೆಲ್ಲಿ, ಗಾಜಿಗೆ ಹುಣಸೆಹಣ್ಣು ಹಾಕಿ ಉಜ್ಜಿದರು. ಕಲ್ಲುಗಳನ್ನು ಒಂದೊಂದಾಗಿ ತಿಕ್ಕಿದರು. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಒಂದು ಚೂರೂ ಕಂದು ಉಳಿಯದಂತೆ ಹಿಂಡಿ, ಬಿಸಿಲಿಗೆ ಒಣಹಾಕಿದರು. ಆಮೇಲೆ ಆಗತಾನೆ ನಲ್ಲಿಯಲ್ಲಿ ಬಂದ, ಬ್ಲೀಚಿಂಗ್ ಪುಡಿಯ ವಾಸನೆ ಹೊಡೆಯುವ ನೀರನ್ನು ಕಂಠಪೂರ್ತಿ ತುಂಬಿದರು. ತೊಟ್ಟಿ ಫಳಫಳ ಹೊಳೆಯಿತು. ಮೀನುಗಳು ಮಾತ್ರ ರೆಕ್ಕೆ ಮುದುಡಿಕೊಂಡು ಮೂಲೆ ಸೇರಿದವು.

"ಸುಸ್ತಾಗಿದಾವೆ ಪಾಪ. ಏನಾದ್ರೂ ತಿಂದ್ರೆ ಸರಿಹೋಗ್ತಾವೆ" ಎಂದು ಸರ್ವಮಂಗಳಮ್ಮ ಒಂದು ಹಿಡಿ ಅವಲಕ್ಕಿ ತಂದರು. ಮರುದಿನ ನೀರು ಮತ್ತೆ ಗಂಜಿ. ಷಡಕ್ಷರಪ್ಪ ಮತ್ತೆ ಪಂಚೆ ಎತ್ತಿಕಟ್ಟಿದರು. ಇವರು ಹಾಕುವುದು, ಅವರು ತೊಳೆಯುವುದು. ಇಬ್ಬರಿಗೂ ಬಿಡುವಿಲ್ಲ. ಮನೆಗೆ ಬಂದವರಿಗೆಲ್ಲ "ಈ ಮೀನು ನೋಡ್ಕೊಳ್ಳೋದು ಅಂದ್ರೆ ಸುಲಭ ಅಲ್ಲ" ಎಂದು ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ಗಂಡ ಹೆಂಡತಿ ಇಬ್ಬರೂ ಸೇರಿ, ಬೆವರು ಸುರಿಸಿ, ಮನಸಾರೆ ಆ ಮೀನುಗಳನ್ನು ಕೊಲ್ಲುತ್ತಿದ್ದರು.

ಒಂದು ಬೆಳಗ್ಗೆ ಬೂಂದಿ ನೀರಿನ ಮೇಲೆ ತೇಲುತ್ತಿತ್ತು.

ಆ ದಿನ ಸರ್ವಮಂಗಳಮ್ಮ ಕಾಫಿ ಕುಡಿಯಲಿಲ್ಲ. ದಾಸವಾಳದ ಗಿಡದ ಬುಡದಲ್ಲಿ ಬೂಂದಿಯನ್ನು ಮಣ್ಣು ಮಾಡಿ ಬಂದು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಮಗು ನಂಬಿ ಬಿಟ್ಟುಹೋಗಿತ್ತು. ಸಂಜೆ ಮಗ ಫೋನ್ ಮಾಡಿ, ಹಾವೇರಿಯಲ್ಲಿ ಮನೆ ಸಿಕ್ಕಿದೆ, ಮುಂದಿನ ತಿಂಗಳು ಬಂದು ತೊಟ್ಟಿ ತಗೊಂಡು ಹೋಗ್ತೀವಿ ಎಂದ. ಹಿಂದಿನಿಂದ ಇಂಚರ "ಬೂಂದಿ ಹೇಗಿದಾಳೆ ಕೇಳಪ್ಪ" ಎನ್ನುವುದು ಕೇಳಿಸಿತು. ಸರ್ವಮಂಗಳಮ್ಮ ಒಲೆ ಮೇಲೆ ಹಾಲಿದೆ ಎಂದು ಫೋನ್ ಇಟ್ಟುಬಿಟ್ಟರು. ಒಲೆಯ ಮೇಲೆ ಏನೂ ಇರಲಿಲ್ಲ.

ಉಳಿದ ಎರಡನ್ನಾದರೂ ಮಗುವಿನ ಕೈಗೆ ಜೀವಂತವಾಗಿ ಒಪ್ಪಿಸಬೇಕು. ಅದಕ್ಕೆ ಅವರು ಕಂಡುಕೊಂಡ ದಾರಿ ಯಾವುದು ಗೊತ್ತೇ? ಬೂಂದಿಗೆ ಶಕ್ತಿ ಸಾಲದೆ ಹೋಯಿತು ಎಂದು ತೀರ್ಮಾನಿಸಿ, ಉಳಿದವುಗಳಿಗೆ ಇನ್ನಷ್ಟು ಹಾಕತೊಡಗಿದರು. ಜಿಲೇಬಿ ಹೊಟ್ಟೆ ಉಬ್ಬಿಸಿಕೊಂಡು ಒಂದೇ ಮಗ್ಗುಲಿಗೆ ವಾಲಿ ತೇಲತೊಡಗಿತು. "ಊಟ ಆದ ಮೇಲೆ ಸ್ವಲ್ಪ ಮಲಗಿದೆ" ಎಂದರು.

ಇದೇ ಹೊತ್ತಿಗೆ ಅರಸೀಕೆರೆಯಿಂದ ಬೀಗರ ಕರೆ ಬಂತು. ಸೊಸೆಯ ತಾಯಿ ಶಿವಗಂಗಮ್ಮ ಊಟಕ್ಕೆ ಕರೆದಿದ್ದರು. ಉಪಚಾರದಲ್ಲಿ ಸರ್ವಮಂಗಳಮ್ಮನಿಗೆ ಸರಿಸಮ ಯಾರಾದರೂ ಇದ್ದರೆ ಅದು ಈ ಶಿವಗಂಗಮ್ಮ. ಅಲ್ಲಿಯವರೆಗೆ ಇಬ್ಬರೂ ಮದುವೆ ಮನೆಗಳಲ್ಲಿ ಮಾತ್ರ ಎದುರಾಗಿದ್ದರು, ಅಲ್ಲಿ ಬಡಿಸುವವರು ಬೇರೆಯವರು. ಇವತ್ತು ಎಲೆಯ ಮುಂದೆ ಒಬ್ಬರು, ಸೌಟು ಹಿಡಿದು ಇನ್ನೊಬ್ಬರು.

"ಸಾಕು ಬೀಗ್ರೇ."

"ಏನ್ ಸಾಕು? ಊರಿಗೆಲ್ಲ ಉಣ್ಣಿಸೋ ನಿಮಗೆ ನಾನು ಇಷ್ಟೂ ಹಾಕದಿದ್ರೆ ಜನ ಏನಂತಾರೆ?"

"ನಿಜವಾಗ್ಲೂ ಆಗಲ್ಲ, ಬೀಗ್ರೇ."

"ಆಗುತ್ತೆ, ಆಗುತ್ತೆ. ತುಪ್ಪ ಹಾಕಿದ್ರೆ ತಾನೇ ಇಳಿಯುತ್ತೆ."

ಹೋಳಿಗೆ ಇಳಿಯಿತು, ಅದರ ಮೇಲೆ ಕಡುಬು ಇಳಿಯಿತು, ಚಿತ್ರಾನ್ನ ಇಳಿಯಿತು. "ಖಾರ ಆಯ್ತೇನೋ" ಎಂದು ಮತ್ತೆ ಹೋಳಿಗೆ. ಸರ್ವಮಂಗಳಮ್ಮ ಬೇಡಿಕೊಂಡರು. ಯಾರೂ ಕೇಳಲಿಲ್ಲ. ತಾವು ಅಷ್ಟು ವರ್ಷ ಯಾರ ಮಾತನ್ನು ಕೇಳಿದ್ದರು ಹೇಳಿ?

ರೈಲಿಳಿದು ಹೇಗೋ ಮನೆ ಸೇರಿ, ತೊಟ್ಟಿಯ ಪಕ್ಕದ ದಿವಾನದ ಮೇಲೆ ಒಂದು ಮಗ್ಗುಲಿಗೆ ಬಿದ್ದುಕೊಂಡರು. ಇನ್ನೊಂದು ಮಗ್ಗುಲಿಗೆ ಹೊರಳಲಾಗದು. ಉಸಿರು ಮೇಲೆ ಮೇಲೆ ಬರುತ್ತಿದೆ. ಷಡಕ್ಷರಪ್ಪನವರಿಗೆ ಗಾಬರಿಯಾಯಿತು. ಗಾಬರಿಯಾದಾಗ ಅವರಿಗೆ ಗೊತ್ತಿದ್ದ ಕೆಲಸ ಒಂದೇ. ಬಕೆಟ್ಟು ತಂದರು.

"ಏಳು ಮಂಗಳಾ. ತಲೆಗೆ ತಣ್ಣೀರು ಹಾಕ್ಕೊಂಡ್ರೆ ಎಲ್ಲಾ ಸರಿಹೋಗುತ್ತೆ."

ಅವರು ಏಳಲಿಲ್ಲ. ಷಡಕ್ಷರಪ್ಪ ಇನ್ನಷ್ಟು ಯೋಚಿಸಿದರು.

"ಸುಸ್ತಾಗಿದೀಯ. ಒಂದು ತುತ್ತು ಮೊಸರನ್ನ ಕಲಸಿಕೊಡ್ಲಾ?"

ಸರ್ವಮಂಗಳಮ್ಮ ಗಂಡನನ್ನು ನೋಡಿದ ನೋಟಕ್ಕೆ ಬಕೆಟ್ಟು ಎರಡು ಹೆಜ್ಜೆ ಹಿಂದೆ ಸರಿಯಿತು. ಬೈಯಲು ಬಾಯಿ ತೆರೆದರು, ಮಾತು ಬರಲಿಲ್ಲ. ಮುಚ್ಚಿದರು. ಮತ್ತೆ ತೆರೆದರು. ಹಾಗೆ ಬಾಯಿ ಬಿಡುತ್ತಲೇ ಎದುರಿಗೆ ಕಣ್ಣು ಹೋಯಿತು. ಗಾಜಿನ ಆಚೆ ಜಿಲೇಬಿ, ಅದೇ ಮಗ್ಗುಲಿಗೆ ವಾಲಿಕೊಂಡು, ಉಬ್ಬಿದ ಹೊಟ್ಟೆಯೊಂದಿಗೆ, ಬಾಯಿ ತೆರೆದು ಮುಚ್ಚುತ್ತಾ ಇವರನ್ನೇ ನೋಡುತ್ತಿತ್ತು.

ಬಹಳ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ರೀ" ಎಂದರು ಸರ್ವಮಂಗಳಮ್ಮ, ಉಸಿರು ಹಿಡಿದು. "ನಂಗೆ ಊಟಾನೂ ಬೇಡ, ನೀರೂ ಬೇಡ. ಸುಮ್ಮನೆ ಬಿಟ್ಟುಬಿಡಿ." ಆಮೇಲೆ ಜಿಲೇಬಿಯ ಕಡೆ ಬೆರಳು ತೋರಿಸಿ ಹೇಳಿದರು, "ಅದನ್ನೂ ಬಿಟ್ಟುಬಿಡಿ."

ಎದ್ದು ಕೂರುವ ಶಕ್ತಿ ಬಂದ ಕೂಡಲೇ ಮೊಮ್ಮಗಳಿಗೆ ಫೋನ್ ಮಾಡಿದರು. ಬೂಂದಿ ಹೋದದ್ದನ್ನೂ, ಅವಲಕ್ಕಿಯನ್ನೂ, ಹುಣಸೆಹಣ್ಣನ್ನೂ ಮುಚ್ಚಿಡದೆ ಹೇಳಿದರು. ಆ ಕಡೆ ಹುಡುಗಿ ಅತ್ತಳು. ಈ ಕಡೆ ಅಜ್ಜಿಯೂ ಅತ್ತರು. ಕೊನೆಗೆ ಇಂಚರ ಮೂಗು ಒರೆಸಿಕೊಂಡು ಹೇಳಿದಳು.

"ಎರಡು ದಿನ ಏನೂ ಹಾಕಬೇಡ ಅಜ್ಜಿ. ಆಮೇಲೆ ಆ ಡಬ್ಬಿ ಕಾಳೇ ಒಂದು ಚಿಟಿಕೆ. ತಾತಂಗೆ ಹೇಳು, ದಿನಾ ಸ್ವಲ್ಪ ಸ್ವಲ್ಪವೇ ನೀರು ತೆಗೆದು, ಹಿಡಿದಿಟ್ಟ ನೀರು ಹಾಕಲಿ. ಸ್ಪಂಜು ಮುಟ್ಟೋದು ಬೇಡ."

"ಆಯ್ತು ಮಗಾ."

"ಅಜ್ಜಿ, ತಲೆ ಆಡಿಸ್ತಾ ಇದೀಯಾ?"

"ಇಲ್ಲ ಕಣೇ. ಕೇಳಿಸ್ಕೊತಾ ಇದೀನಿ."

ಆ ಎರಡು ದಿನ ಆ ಮನೆಯಲ್ಲಿ ಕಳೆದದ್ದು ಹೇಗೆ ಎಂದು ಕೇಳಬೇಡಿ. ಸರ್ವಮಂಗಳಮ್ಮ ತೊಟ್ಟಿಯಿದ್ದ ಹಜಾರಕ್ಕೆ ಬರುವಾಗಲೆಲ್ಲ ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದುಕೊಂಡು ನಡೆದು, ಎರಡು ಸಲ ಕುರ್ಚಿಗೆ ಎಡವಿದರು. ಷಡಕ್ಷರಪ್ಪನವರ ಕೈ ಸ್ಪಂಜಿಗಾಗಿ ತುರಿಸುತ್ತಿತ್ತು. ತಡೆಯಲಾರದೆ ಹೋಗಿ ಪಕ್ಕದ ಮನೆಯವರ ಗೇಟು ತೊಳೆದು ಬಂದರು. ಮೂರನೆಯ ಬೆಳಗ್ಗೆ ಜಿಲೇಬಿ ನೆಟ್ಟಗಾಗಿ ಈಜುತ್ತಿತ್ತು. ವಾರ ಕಳೆಯುವುದರಲ್ಲಿ ನೀರು ತಾನಾಗಿ ತಿಳಿಯಾಗತೊಡಗಿತು. ಮೂಲೆ ಹಿಡಿದಿದ್ದ ಬಸಣ್ಣ ಮತ್ತೆ ಗಾಜು ಹತ್ತಿದ.

ನಿಜವಾದ ಪರೀಕ್ಷೆ ಬಂದದ್ದು ಆಮೇಲೆ. ಶಿವಗಂಗಮ್ಮ ಒಂದು ಡಬ್ಬಿ ಚಿರೋಟಿ ಹಿಡಿದುಕೊಂಡು ತಿಪಟೂರಿಗೇ ಬಂದರು. ಹಜಾರದಲ್ಲಿ ಕೂತವರ ಕಣ್ಣು ತೊಟ್ಟಿಯ ಮೇಲೆ ಬಿತ್ತು. ಜಿಲೇಬಿ, ಜಹಂಗೀರು ಎರಡೂ ಓಡಿ ಬಂದು ತಮ್ಮ ನಾಟಕ ಶುರು ಮಾಡಿದವು.

"ಅಯ್ಯೋ ಬೀಗ್ರೇ, ಪಾಪ ಹೆಂಗೆ ಬಾಯಿ ಬಿಡ್ತಾವೆ. ಏನೂ ಹಾಕಿಲ್ವಾ?"

"ಬೆಳಗ್ಗೆ ಆಯ್ತು ಅವುಕ್ಕೆ."

"ಬೆಳಗ್ಗೆದು ಬೆಳಗ್ಗೆಗೆ ಆಯ್ತು" ಎಂದು ಶಿವಗಂಗಮ್ಮ ಚಿರೋಟಿ ಮುರಿದುಕೊಂಡು ಎದ್ದರು.

ಸರ್ವಮಂಗಳಮ್ಮ ತೊಟ್ಟಿಯ ಮೇಲೆ ಕೈ ಅಡ್ಡ ಹಿಡಿದರು. ಶಿವಗಂಗಮ್ಮ ನಗುತ್ತಾ ಆ ಕೈಯ ಮೇಲೇ ಚಿರೋಟಿ ಇಟ್ಟರು. ಬೇಡವೆಂದವರ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಈಗ ನೋಡಿ. ಒಂದು ಕಡೆ ಊರೆಲ್ಲ ಹೊಗಳುವ ಹೆಸರು. ಇನ್ನೊಂದು ಕಡೆ ಬೆರಳುದ್ದದ ಎರಡು ಮೀನು. ಸರ್ವಮಂಗಳಮ್ಮ ಕೈಯ ಮೇಲಿದ್ದ ಚಿರೋಟಿಯನ್ನು ತಿರುಗಿ ಡಬ್ಬಿಗೆ ಹಾಕಿದರು. ಹುಟ್ಟಿದಂದಿನಿಂದ ಅವರ ಬಾಯಲ್ಲಿ ಬರದ ಮಾತೊಂದು ಬಂತು.

"ಬೀಗ್ರೇ, ನಮ್ಮನೇಲಿ ಇವುಕ್ಕೆ ಇನ್ನು ಊಟ ಇಲ್ಲ."

ಬಾಗಿಲಲ್ಲಿ ಷಡಕ್ಷರಪ್ಪನವರ ಕೈಯಿಂದ ಒರೆಸುವ ಬಟ್ಟೆ ಬಿತ್ತು. ಶಿವಗಂಗಮ್ಮ ಡಬ್ಬಿ ಮುಚ್ಚಿದರು, ಕಾಫಿಯನ್ನೂ ಕುಡಿಯದೆ ಸ್ಟೇಷನ್ನಿಗೆ ಹೊರಟರು. ಸುದ್ದಿ ಅರಸೀಕೆರೆ ಮುಟ್ಟಿ ಅಲ್ಲಿಂದ ತಿಪಟೂರಿಗೆ ವಾಪಸ್ ಬಂತು. ಮುಂದಿನ ಮದುವೆಮನೆಯಲ್ಲಿ ಇಬ್ಬರು ಹೆಂಗಸರು "ವಯಸ್ಸಾದ ಮೇಲೆ ಕೈ ಬಿಗಿ ಆಗಿದೆ, ಮೀನಿಗೂ ಹಾಕಲ್ವಂತೆ" ಎಂದು ಮಾತಾಡಿಕೊಂಡದ್ದು ಸರ್ವಮಂಗಳಮ್ಮನ ಕಿವಿಗೇ ಬಿತ್ತು. ಅವರಿಗೆ ಬಹಳ ನೋವಾಯಿತು. ಮನೆಗೆ ಬಂದು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡರು. ಮರುದಿನ ಬೆಳಗ್ಗೆ ಡಬ್ಬಿ ತೆಗೆದು ಒಂದು ಚಿಟಿಕೆ ಕಾಳು ಹಾಕಿದರು. ಎರಡನೆಯ ಚಿಟಿಕೆ ಹಾಕಲಿಲ್ಲ.

ಅಪ್ಪ ಹೇಳಿದ್ದಂತೆ ಮುಂದಿನ ತಿಂಗಳು ಇಂಚರ ಬಂದಳು. ಚಪ್ಪಲಿ ಕೂಡ ಬಿಚ್ಚದೆ ತೊಟ್ಟಿಯ ಹತ್ತಿರ ಓಡಿದಳು. ತಿಳಿನೀರಿನಲ್ಲಿ ಜಿಲೇಬಿ, ಜಹಂಗೀರು ಬಾಲ ಬೀಸುತ್ತಾ ಎದುರಿಗೆ ಬಂದವು. ಹುಡುಗಿ ಗಾಜಿಗೆ ಮೂಗು ಒತ್ತಿ ನೋಡಿದಳು. ಆಮೇಲೆ ಅಜ್ಜಿಯ ಸೊಂಟ ತಬ್ಬಿಕೊಂಡಳು.

"ಇಷ್ಟು ಚೆನ್ನಾಗಿದಾವಲ್ಲ. ಏನು ಮಾಡಿದೆ ಅಜ್ಜಿ?"

"ಏನೂ ಮಾಡ್ಲಿಲ್ಲ ಕಣೇ" ಎಂದರು ಸರ್ವಮಂಗಳಮ್ಮ. "ಅದೇ ಬಹಳ ಕಷ್ಟ ಆಯ್ತು."

ನೀತಿ: ಸಾಕಿದ ಜೀವಕ್ಕೆ ಎಷ್ಟು ಬೇಕೋ ಅಷ್ಟು ಕೊಟ್ಟು ಕೈ ಹಿಂದಕ್ಕೆ ತೆಗೆಯಬೇಕು. ಅದರ ಮೇಲೆ ಕೊಟ್ಟದ್ದೆಲ್ಲ ನಮ್ಮ ಸಮಾಧಾನಕ್ಕೆ ಕೊಟ್ಟದ್ದು, ಅದರ ಕಷ್ಟ ಮಾತ್ರ ಆ ಜೀವದ್ದು. ಮೀನು ಸಾಕುವವರು ಇದನ್ನು ಒಂದು ಸಲ ಓದಿದರೆ ಸಾಕು. ಮನೆಗೆ ನೆಂಟರನ್ನು ಕರೆಯುವವರು ದಯವಿಟ್ಟು ಎರಡು ಸಲ ಓದಿ.