ಕೋಳಿಪುರದ ಬಾಗಿಲ ದಾರ

ಬಾಯಿ ಮುಚ್ಚಿ ಕಿವಿ ತೆರೀರಪ್ಪ. ಕೋಳಿಪುರ ಅಂತ ಒಂದು ರಾಜ್ಯ ಇತ್ತು. ಜುಟ್ಟರಾಯ ಅನ್ನೋ ಹುಂಜ ಅದರ ರಾಜ. ಅಲ್ಲಿನ ಗೂಡುಗಳಿಗೆಲ್ಲ ಬಾಗಿಲು ಮಾಡಿಕೊಟ್ಟವನು ಟೊಕ್ಕಣ್ಣ ಅನ್ನೋ ಮರಕುಟಿಗ.

ಪ್ರತಿ ಬಾಗಿಲ ಹೊರಗೂ ಒಂದು ದಾರ. ಎಳೆದರೆ ಒಳಗಿನ ಅಗುಳಿ ಮೇಲೇಳುತ್ತೆ. ಮೊಟ್ಟೆ ಅವಸರವಾದ ಕೋಳಿ ಓಡಿ ಬಂದು ದಾರ ಎಳೆದು ಒಳಹೊಕ್ಕರೆ ಆಯ್ತು.

ಇದನ್ನು ಬಾಲಪ್ಪ ಅನ್ನೋ ನರಿಯೂ ನೋಡಿದ. ಕೋಳಿಗಳು ಮೇಯೋಕೆ ಹೋದಾಗ ಬಂದ, ಎಳೆದ, ಮೊಟ್ಟೆ ತಿಂದ. ಮರುದಿನ ಬಂದ, ಎಳೆದ, ತಿಂದ. ಮೂರನೇ ದಿನ ತಿಂದು ತೇಗಿ, ಅಲ್ಲೇ ಒಂದು ನಿದ್ದೆ ಬೇರೆ ಹೊಡೆದ.

ಜುಟ್ಟರಾಯನ ಜುಟ್ಟು ಮೊದಲೇ ಕೆಂಪು, ಈಗ ಮುಖವೂ ಕೆಂಪು. "ಲೋ ಟೊಕ್ಕಣ್ಣ! ಹಿಂಗೇ ಆದರೆ ನನ್ನ ರಾಜ್ಯದ ಒಂದು ಮರಾನೂ ನೀನು ಕುಟ್ಟಂಗಿಲ್ಲ!"

ಮರ ಕುಟ್ಟದೆ ಮರಕುಟಿಗ ತಿನ್ನೋದೇನು? ಟೊಕ್ಕಣ್ಣ ಹೆದರಿ ಎಲ್ಲ ದಾರಾನೂ ಕಚಕ್ ಅಂತ ಕತ್ತರಿಸಿದ. ಬಾಗಿಲಿಗೆ ಕೊಕ್ಕು ಹಿಡಿಸೋಷ್ಟೇ ಕಿಂಡಿ ಕೊರೆದ. ಕೊಕ್ಕು ಹಾಕಿ ಎತ್ತಿದರೆ ಅಗುಳಿ ಬಿಡುತ್ತೆ, ನರಿಯ ಮೂತಿ ತೂರಲ್ಲ. ಭಲೇ ಅಂದುಕೊಂಡ. ಯಾರಿಗೂ ಹೇಳಲಿಲ್ಲ.

ಕೋಳಿಗಳು ಓಡಿ ಬಂದವು. ದಾರ ಇಲ್ಲ! ಒಂದು ಹೊಸಿಲ ಮೇಲೆ ಮೊಟ್ಟೆ ಇಟ್ಟಿತು. ಒಂದು ಚರಂಡೀಲಿ ಇಟ್ಟಿತು. ಒಂದು ಸಿಂಹಾಸನದ ಮೇಲೇ ಇಟ್ಟುಬಿಟ್ಟಿತು. ಬಾಲಪ್ಪನಿಗೆ ಬಾಗಿಲು ತೆರೆಯೋ ಕಷ್ಟವೂ ತಪ್ಪಿ, ದಾರೀಲೇ ಊಟ.

"ನಿನ್ನ ಕಿಂಡಿಗೆ ಬೆಂಕಿ ಬೀಳ!" ಅಂದಳು ಮುದಿ ಕೋಳಿ ಪುಕ್ಕಜ್ಜಿ. "ಹುಟ್ಟಿದಾಗಿಂದ ದಾರ ಎಳೆದ ಕೊಕ್ಕು ಕಣೋ ಇದು!"

"ಇದೇ ಕೊನೇ ಸಲ," ಅಂದ ಜುಟ್ಟರಾಯ, ಸಿಂಹಾಸನ ಒರೆಸಿಕೊಳ್ಳುತ್ತಾ.

ಟೊಕ್ಕಣ್ಣ ಮನೆಮನೆಗೆ ಹೋಗಿ ಕಿಂಡಿ ಬಳಸೋದು ತೋರಿಸಿದ. "ಇನ್ಮೇಲೆ ಬಾಗಿಲು ಹಿಂಗೇ. ದಾರ ಬೇಕೇ ಬೇಕು ಅನ್ನೋರು ಕೇಳಿ, ಕೊಡ್ತೀನಿ. ಆದರೆ ಅದಕ್ಕೊಂದು ಗಿಲಕಿ ಕಟ್ಟಿರ್ತೀನಿ."

ಕೇಳಿದವಳು ಪುಕ್ಕಜ್ಜಿ ಒಬ್ಬಳೇ. ಎಳೆದಾಗಲೆಲ್ಲ ಗಿಲಗಿಲ. ಊರೆಲ್ಲ ಕೂಗೋದು: "ಅಜ್ಜೀ, ಕಿಂಡಿ ಕಲಿಯೇ!"

"ನಾಳೆ ಕಲೀತೀನಿ ಹೋಗ್ರೇ!"

ಒಂದಿನ ಬಾಲಪ್ಪ ಬಂದ. ಮೊದಲ ಬಾಗಿಲಲ್ಲಿ ಮೂತಿ ತೂರಲಿಲ್ಲ. ಎರಡನೇದರಲ್ಲಿ ಮೂತಿ ತರಚಿತು. ಮೂರನೇದರಲ್ಲಿ ದಾರ! ಬಾಯಿ ಚಪ್ಪರಿಸಿ ಎಳೆದ.

ಗಿಲಗಿಲಗಿಲ!

"ಅಜ್ಜೀ, ಕಿಂಡಿ ಕಲಿಯೇ!" ಅಂದವು ಅಂಗಳದ ಕೋಳಿಗಳು.

"ನಾನು ಇಲ್ಲೇ ಇದೀನಲ್ರೇ!" ಅಂದಳು ಪಕ್ಕದಲ್ಲೇ ಕೂತಿದ್ದ ಪುಕ್ಕಜ್ಜಿ.

ಎಲ್ಲ ಕತ್ತುಗಳೂ ಅಜ್ಜಿಯ ಬಾಗಿಲ ಕಡೆ ತಿರುಗಿದವು. ಆಮೇಲೆ ಇಡೀ ಕೋಳಿಪುರ ಬಾಲಪ್ಪನ ಮೇಲೆ ಬಿತ್ತು. ಬಾಲದ ಕೂದಲನ್ನೆಲ್ಲ ಅಲ್ಲೇ ಬಿಟ್ಟು ಓಡಿದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಟೊಕ್ಕಣ್ಣನ ಮರಗಳು ಟೊಕ್ಕಣ್ಣನಿಗೇ ಉಳಿದವು.

ಸಂಜೆ ಪುಕ್ಕಜ್ಜಿ ತಾನಾಗೇ ಬಂದಳು. "ದಾರ ಬಿಚ್ಚಪ್ಪ. ಆ ಕಿಂಡಿ ಹೆಂಗೆ, ಒಂಚೂರು ತೋರಿಸು."

ನೀತಿ ಇಷ್ಟೇ: ಹೊಸ ಬಾಗಿಲು ಭದ್ರವಾಗೇ ಇರಲಿ. ಹಳೇ ದಾರಾನ ಒಂದೇ ಏಟಿಗೆ ಕತ್ತರಿಸಬೇಡಿ, ಸದ್ದಿಲ್ಲದೆ ಉಳಿಸಲೂಬೇಡಿ.